ಹಿಂದೆ ಒಂದು ಇಂಚು ಎತ್ತಿಸ್ತೀರಾ? ಸೈಡ್‌ಕಾರಲ್ಲಿ ಕೂತವರನ್ನ ಕೇಳಿದ್ರಾ?

(1/8)

ನೇರವಾಗಿ ವಿಷಯಕ್ಕೆ ಬರ್ತೀನಿ. ಸೈಡ್‌ಕಾರ್ ಜೋಡಿಸಿರೋ ಟೂರಿಂಗ್ ಬೈಕಿನ ಹಿಂಭಾಗವನ್ನ ಲುಕ್‌ಗೋಸ್ಕರ ಎತ್ತರಿಸೋದು ಬೇಡ. ತೂಕಕ್ಕೆ ಎಷ್ಟು ಕುಸಿದಿದೆಯೋ ಅಷ್ಟನ್ನ ಮಾತ್ರ ವಾಪಸ್ ತನ್ನಿ. ಅದನ್ನೂ ಸ್ಪ್ರಿಂಗ್ ಕಡೆಯಿಂದ ಮಾಡಿ, ಶಾಕಪ್ ಕೆಳಗೆ ಕಬ್ಬಿಣದ ತುಂಡು ಸೇರಿಸಿ ಅಲ್ಲ. ಇಷ್ಟೇ ನನ್ನ ವಾದ. ಉಳಿದ ಏಳು ಪೋಸ್ಟ್‌ನಲ್ಲಿ ಯಾಕೆ ಅಂತ ಹೇಳ್ತೀನಿ.

ಮಾವನ ಗಾಡಿ ಫೋಟೋ ಹಾಕಿದಾಗಿಂದ ಡಿಎಂ ತುಂಬಾ ಒಂದೇ ಮಾತು. "ಬ್ರೋ, ಹಿಂದೆ ಒಂದೂವರೆ ಇಂಚು ಎತ್ತಿಸಿ, ಬೇರೆ ಲೆವೆಲ್ ಕಾಣುತ್ತೆ." ಕ್ಲಾಸಲ್ಲೂ ಇದೇ. ಪಲ್ಸರ್, ಸ್ಪ್ಲೆಂಡರ್‌ಗೆ ಎಕ್ಸ್‌ಟೆಂಡರ್ ಹಾಕಿಸ್ಕೊಂಡವರು ನಮ್ಮ ಬ್ಯಾಚಲ್ಲೇ ನಾಲ್ಕೈದು ಜನ ಇದ್ದಾರೆ. ಅವರ ಬೈಕಿನ ಬಗ್ಗೆಯೂ ನನಗೆ ತಕರಾರಿದೆ, ಅದು ಇನ್ನೊಂದು ದಿನ. ಇವತ್ತು ಮೂರು ಚಕ್ರದ ಲೆಕ್ಕ.

ಗಾಡಿ ಯಾವುದು ಅಂದ್ರೆ, ಕ್ಲಾಸಿಕ್ 350. ಎಡಗಡೆ ಸೈಡ್‌ಕಾರ್. ಮಾವ ಇರೋದು ತೀರ್ಥಹಳ್ಳಿ. ಸೈಡ್‌ಕಾರ್ ಹಾಕಿಸಿದ್ದು ರೀಲ್ಸ್‌ಗಲ್ಲ, ಅಜ್ಜಿಗೆ. ಅಜ್ಜಿಯ ಎರಡೂ ಮಂಡಿ ಸವೆದಿದೆ, ಹಿಂದಿನ ಸೀಟಿಗೆ ಕಾಲೆತ್ತಿ ಹಾಕೋಕೆ ಆಗಲ್ಲ. ಬಸ್ಸು, ಕಾರು ಹತ್ತಿದ್ರೆ ಹೆಬ್ರಿ ಮುಟ್ಟೋದ್ರೊಳಗೆ ಎರಡು ಸಲ ವಾಂತಿ. ಮಣಿಪಾಲದ ಕಡೆ ಆಸ್ಪತ್ರೆಗೆ ಆಗಾಗ ಹೋಗ್ಲೇಬೇಕು. ಗಾಳಿ ಮುಖಕ್ಕೆ ಬಡೀತಾ ಇದ್ರೆ ವಾಂತಿ ಇಲ್ಲ. ಹಾಗಾಗಿ ಮಾವ ಆರ್‌ಟಿಒ ಕೆಲಸ ಎಲ್ಲ ಮುಗಿಸಿ ಸೈಡ್‌ಕಾರ್ ಹಾಕಿಸಿದ್ರು.

ಈಗ ಅದರ ಹಿಂಭಾಗ ಎತ್ತಿಸ್ಬೇಕು ಅಂತ ಹಠ ಹಿಡಿದಿದ್ದು ಮಾವನ ಮಗ. ನನಗಿಂತ ಎರಡು ವರ್ಷ ಚಿಕ್ಕವನು. ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ನಿಮಗೂ ಕೊಡ್ತಿದ್ದೀನಿ.

(2/8)

ಎರಡು ಚಕ್ರದ ಬೈಕಿಗೂ ಸೈಡ್‌ಕಾರ್ ಗಾಡಿಗೂ ಇರೋ ವ್ಯತ್ಯಾಸ ಮೊದಲು ತಿಳ್ಕೊಳ್ಳಿ. ಇದು ಗೊತ್ತಾಗದೆ ಮುಂದಿನದು ಅರ್ಥ ಆಗಲ್ಲ.

ಬರೀ ಬೈಕು ತಿರುವಲ್ಲಿ ವಾಲುತ್ತೆ. ಹಿಂದೆ ಒಂದು ಇಂಚು ಎತ್ತಿಸಿದ್ರೂ ನೀವು ವಾಲಿಸಿ ಹೇಗೋ ಹೊಂದಿಸ್ಕೊಂಡು ಹೋಗ್ತೀರ. ಸೈಡ್‌ಕಾರ್ ಗಾಡಿ ವಾಲಲ್ಲ. ಬೈಕಿನ ಫ್ರೇಮಿಗೆ ನಾಲ್ಕು ಕಡೆ ಬೋಲ್ಟ್ ಹಾಕಿ ಬಿಗಿದಿರೋ ಚೌಕಟ್ಟು ಅದು. ಬೈಕ್ ಯಾವ ಕೋನದಲ್ಲಿ ನಿಂತಿದೆಯೋ ಅದೇ ಕೋನದಲ್ಲಿ ದಿನವಿಡೀ ಓಡುತ್ತೆ.

ಈ ಕೋನವನ್ನ ಸುಮ್ನೆ ಇಟ್ಟಿರಲ್ಲ. ಎಡಗಡೆ ಇನ್ನೊಂದು ಚಕ್ರ, ಅದರ ಮೇಲೆ ತೂಕ, ಅದಕ್ಕೆ ಗಾಳಿ. ಇದೆಲ್ಲ ಸೇರಿ ಗಾಡಿಯನ್ನ ಎಡಕ್ಕೆ ಎಳೀತಾ ಇರುತ್ತೆ. ಜೊತೆಗೆ ನೀರು ಹರಿದು ಹೋಗ್ಲಿ ಅಂತ ನಮ್ಮ ರಸ್ತೆ ಅಂಚಿನ ಕಡೆ ಇಳಿಜಾರು ಇರುತ್ತೆ. ನಾವು ಎಡಗಡೆ ಓಡಿಸೋರು, ಅಂದ್ರೆ ಆ ಇಳಿಜಾರೂ ಎಡಕ್ಕೇ. ಈ ಎಳೆತವನ್ನ ಸರಿದೂಗಿಸೋಕೆ ಬೈಕನ್ನ ಸೈಡ್‌ಕಾರಿನಿಂದ ಆಚೆಗೆ, ಅಂದ್ರೆ ಬಲಕ್ಕೆ, ಒಂದು ಚೂರು ವಾಲಿಸಿ ಕಟ್ಟಿರ್ತಾರೆ. ಇದಕ್ಕೆ ಲೀನ್-ಔಟ್ ಅಂತಾರೆ. ಸಾಮಾನ್ಯವಾಗಿ ಒಂದರಿಂದ ಎರಡು ಡಿಗ್ರಿ. ಇನ್ನೊಂದು ಟೋ-ಇನ್. ಸೈಡ್‌ಕಾರ್ ಚಕ್ರದ ಮೂತಿ ಬೈಕಿನ ಕಡೆಗೆ ಸ್ವಲ್ಪ ತಿರುಗಿರುತ್ತೆ. ಎರಡೂ ಕಡೆ ಉದ್ದದ ಪಟ್ಟಿ ಇಟ್ಟು ಅಳೆದ್ರೆ ಸುಮಾರು 10ರಿಂದ 20 ಮಿ.ಮೀ. ಬರುತ್ತೆ.

ಈ ಎರಡು ಸರಿ ಇದ್ರೆ ಸಮತಟ್ಟು ರಸ್ತೇಲಿ ಹ್ಯಾಂಡಲ್ ಮೇಲೆ ಬೆರಳಿಟ್ಟು ಓಡಿಸ್ಬಹುದು. ಸರಿ ಇಲ್ಲಾಂದ್ರೆ ಹ್ಯಾಂಡಲ್ ಜೊತೆ ಕುಸ್ತಿ.

ಈಗ ಕೇಳಿ. ಲೀನ್-ಔಟ್ ಎಷ್ಟಿದೆ ಅಂತ ನಿರ್ಧಾರ ಆಗೋದು ಮೂರೂ ಚಕ್ರದ ಎತ್ತರದಿಂದ. ಹಿಂದಿನ ಶಾಕಪ್ ಉದ್ದ ಮಾಡಿದ್ರೆ ಮೂರರಲ್ಲಿ ಒಂದರ ಎತ್ತರ ಬದಲಾಯ್ತು. ಮಿಕ್ಕ ಎರಡು ಹಾಗೇ ಇವೆ. ಅಕೌಂಟ್ಸ್ ಓದೋರಿಗೆ ಹೇಳ್ಬೇಕಾ? ಒಂದು ಕಡೆ ಮಾತ್ರ ಎಂಟ್ರಿ ಹಾಕಿದ್ರೆ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಲ್ಲ.

(3/8)

ಎಷ್ಟು ತಪ್ಪುತ್ತೆ? ಲೆಕ್ಕ ಮಾಡಿ ನೋಡೋಣ. ಹೈಸ್ಕೂಲ್ ಗಣಿತ ಸಾಕು.

ಟೇಪ್ ಹಿಡಿದು ನಾನೇ ಅಳೆದೆ. ವೀಲ್‌ಬೇಸ್ 1390 ಮಿ.ಮೀ., ಕಂಪನಿ ಕೊಡೋ ಅಂಕಿಯೂ ಇದೇ. ಬೈಕಿನ ಹಿಂಚಕ್ರದ ಮಧ್ಯದಿಂದ ಸೈಡ್‌ಕಾರ್ ಚಕ್ರದ ಮಧ್ಯಕ್ಕೆ ಅಡ್ಡಲಾಗಿ 1150. ಸೈಡ್‌ಕಾರ್ ಚಕ್ರ ಬೈಕಿನ ಹಿಂಚಕ್ರದ ನೇರಕ್ಕೆ ಇರಲ್ಲ, 250 ಮಿ.ಮೀ. ಮುಂದಿದೆ.

ಹಿಂದೆ 25 ಮಿ.ಮೀ. ಎತ್ತಿಸಿದೆವು ಅಂದ್ಕೊಳ್ಳಿ, ಹತ್ತಿರ ಹತ್ತಿರ ಒಂದು ಇಂಚು.

ಮೊದಲನೇದು, ಗಾಡಿ ಮುಂದಕ್ಕೆ ಬಗ್ಗುತ್ತೆ. 25 ಭಾಗಿಸು 1390, ಅಂದ್ರೆ ಸುಮಾರು ಒಂದು ಡಿಗ್ರಿ. ಫೋರ್ಕ್ ಕೂಡ ಅಷ್ಟೇ ನೆಟ್ಟಗಾಗುತ್ತೆ.

ಎರಡನೇದು, ಸೈಡ್‌ಕಾರ್ ಚಕ್ರ ಇರೋ ಜಾಗದ ನೇರಕ್ಕೆ ಬೈಕು ಸುಮಾರು 20 ಮಿ.ಮೀ. ಮೇಲೆ ಬಂತು. ಸೈಡ್‌ಕಾರ್ ಚಕ್ರ ಇದ್ದಲ್ಲೇ ಇದೆ. 20 ಭಾಗಿಸು 1150. ಇದೂ ಸುಮಾರು ಒಂದು ಡಿಗ್ರಿ. ಬೈಕು ಎಡಕ್ಕೆ, ಸೈಡ್‌ಕಾರ್ ಕಡೆಗೆ, ಒಂದು ಡಿಗ್ರಿ ವಾಲಿತು.

ಇದ್ದ ಲೀನ್-ಔಟ್ ಎಷ್ಟು? ಒಂದರಿಂದ ಎರಡು ಡಿಗ್ರಿ. ಒಂದು ಇಂಚಿಗೆ ಅದರಲ್ಲಿ ಅರ್ಧ ಹೋಯ್ತು, ಇಲ್ಲಾ ಪೂರ್ತಿ ಹೋಯ್ತು. ಎರಡು ಇಂಚು ಎತ್ತಿಸಿದ್ರೆ ಬೈಕು ಸೈಡ್‌ಕಾರ್ ಕಡೆಗೇ ವಾಲಿಕೊಂಡು ನಿಲ್ಲುತ್ತೆ. ಆಮೇಲೆ ಇಡೀ ದಾರಿ ಗಾಡಿ ಎಡಕ್ಕೆ ಎಳೀತಾನೇ ಇರುತ್ತೆ. ಎಡಕ್ಕೆ ಏನಿದೆ? ಮಲೆನಾಡಲ್ಲಿ ಎಡಕ್ಕೆ ಚರಂಡಿ ಇರುತ್ತೆ, ಇಲ್ಲಾ ಕಣಿವೆ ಇರುತ್ತೆ.

ಇದು ಎರಡು ಶಾಕಪ್ ಇರೋ ಗಾಡಿಯ ಕತೆ. ಲಿಂಕೇಜ್ ಇರೋ ಮೋನೋಶಾಕ್ ಗಾಡಿ ಆದ್ರೆ ಇನ್ನೂ ಹುಷಾರು. ಅಲ್ಲಿ ಶಾಕಪ್ ಹತ್ತಿರ 10 ಮಿ.ಮೀ. ಬದಲಿಸಿದ್ರೆ ಚಕ್ರದ ಹತ್ತಿರ ಅದು ಎರಡು ಮೂರು ಪಟ್ಟಾಗುತ್ತೆ. "ಸ್ವಲ್ಪೇ ಸ್ವಲ್ಪ ಮಾಡಿದ್ದು" ಅನ್ನೋ ಮಾತಿಗೆ ಅಲ್ಲಿ ಬೆಲೆ ಇಲ್ಲ.

(4/8)

"ಒಂದು ಡಿಗ್ರಿ ತಾನೇ ಮಾರಾಯ" ಅಂತೀರಾ? ಸರಿ, ಆಗುಂಬೆ ಘಾಟಿಗೆ ಬನ್ನಿ. 14 ಹೇರ್‌ಪಿನ್ ತಿರುವು. ಕೆಳಗೆ ಸೋಮೇಶ್ವರ. ಮಳೆಗಾಲ ಅಂತೂ ಕೇಳೋದೇ ಬೇಡ.

ನಮ್ಮಲ್ಲಿ ಸೈಡ್‌ಕಾರ್ ಎಡಗಡೆ. ಎಡಕ್ಕೆ ತಿರುಗಿಸಿದಾಗ ತೂಕ ಬಲಕ್ಕೆ ಹೋಗುತ್ತೆ, ಸೈಡ್‌ಕಾರ್ ಚಕ್ರ ನೆಲ ಬಿಡೋಕೆ ನೋಡುತ್ತೆ. ಖಾಲಿ ಸೈಡ್‌ಕಾರ್ ಆದ್ರೆ ಇನ್ನೂ ಬೇಗ. ಇದು ಎಲ್ಲರಿಗೂ ಗೊತ್ತು, ಯಾಕಂದ್ರೆ ಸೈಡ್‌ಕಾರ್ ಹಾರಿಸೋ ರೀಲ್ಸ್ ಎಲ್ಲರೂ ನೋಡಿರ್ತೀರ.

ಗೊತ್ತಿಲ್ಲದಿರೋದು ಬಲ ತಿರುವು. ಬಲಕ್ಕೆ ತಿರುಗಿಸಿದಾಗ ತೂಕ ಎಡಕ್ಕೆ, ಸೈಡ್‌ಕಾರ್ ಮೇಲೆ ಬೀಳುತ್ತೆ. ಇಳಿಜಾರು, ಮೇಲಿಂದ ಬ್ರೇಕ್ ಬೇರೆ. ತೂಕ ಎಡಕ್ಕೂ ಹೋಯ್ತು, ಮುಂದಕ್ಕೂ ಹೋಯ್ತು. ಅಂದ್ರೆ ಎಲ್ಲ ಭಾರ ಸೈಡ್‌ಕಾರಿನ ಮೂತಿ ಕಡೆ. ಅದೇ ಹೊತ್ತಿಗೆ ಬೈಕಿನ ಹಿಂಚಕ್ರ ಹಗುರ ಆಗುತ್ತೆ. ಜಾಸ್ತಿ ಸ್ಪೀಡಲ್ಲಿದ್ರೆ ಗಾಡಿ ಸೈಡ್‌ಕಾರಿನ ಮೂತಿ ಮೇಲೆ ಮಗುಚಿಕೊಳ್ಳೋಕೆ ಶುರುವಾಗುತ್ತೆ. ಆ ಮೂತಿಯಲ್ಲಿ ಕಾಲು ಚಾಚಿ ಕೂತಿರೋದು ಯಾರು? ಅಜ್ಜಿ.

ಹಿಂದೆ ಎತ್ತಿಸಿದ ಗಾಡೀಲಿ ಈ ಮೂತಿ ಮೊದಲೇ ಒಂದು ಡಿಗ್ರಿ ಕೆಳಗೆ ಬಗ್ಗಿದೆ. ತೂಕದ ಕೇಂದ್ರ ಮೊದಲೇ ಸ್ವಲ್ಪ ಎಡಕ್ಕೆ ಸರಿದಿದೆ, ಸ್ವಲ್ಪ ಮೇಲಕ್ಕೂ ಹೋಗಿದೆ. ಒಂದೊಂದನ್ನೇ ನೋಡಿದ್ರೆ ಸಣ್ಣದು, ಒಪ್ತೀನಿ. ಆದ್ರೆ ಎಲ್ಲವೂ ಒಂದೇ ದಿಕ್ಕಿಗೆ ಸೇರ್ತಾ ಇದೆ.

ನನಗೆ ಸಿಟ್ಟು ಬರೋದು ಇಲ್ಲಿ. ಬರೀ ಬೈಕಲ್ಲಿ ನೀವು ಮಾಡಿದ ಮಾಡಿಫಿಕೇಶನ್‌ನ ಮೊದಲ ಪೆಟ್ಟು ನಿಮಗೆ. ಸೈಡ್‌ಕಾರಲ್ಲಿ ಹಾಗಲ್ಲ. ಅಲ್ಲಿ ಕೂತವರಿಗೆ ಹ್ಯಾಂಡಲ್ ಇಲ್ಲ, ಬ್ರೇಕ್ ಇಲ್ಲ, ಕಾಲೂರೋಕೆ ಜಾಗ ಇಲ್ಲ, ಏನು ಬದಲಿಸಿದ್ದೀರಿ ಅಂತ ಗೊತ್ತೂ ಇಲ್ಲ. ನಿಮ್ಮನ್ನ ನಂಬಿ ಕೂತಿರ್ತಾರೆ, ಅಷ್ಟೇ.

(5/8)

ಈಗ ಎದುರು ವಾದಗಳು. ಮಾವನ ಮಗ ಸುಮ್ನೆ ಬಿಡೋನಲ್ಲ, ಓದ್ಕೊಂಡೇ ಬಂದಿದ್ದ.

ಅವನ ಮೊದಲ ಪಾಯಿಂಟು: "ಹಿಂದೆ ಎತ್ತಿಸಿದ್ರೆ ಹ್ಯಾಂಡಲ್ ಹಗುರ ಆಗುತ್ತೆ, ಅಪ್ಪಂಗೆ ತೋಳು ನೋವೂ ಕಮ್ಮಿ ಆಗುತ್ತೆ."

ಇದು ಸುಳ್ಳಲ್ಲ. ಫೋರ್ಕ್ ನೆಟ್ಟಗಾದ್ರೆ ಟ್ರೇಲ್ ಅನ್ನೋ ಅಳತೆ ಕಡಿಮೆಯಾಗುತ್ತೆ. ಹ್ಯಾಂಡಲ್ ತಿರುಗೋ ಅಕ್ಷವನ್ನ ನೇರ ಕೆಳಗೆ ಎಳೆದ್ರೆ ನೆಲಕ್ಕೆ ಒಂದು ಕಡೆ ತಾಗುತ್ತಲ್ವಾ, ಅದರಿಂದ ಎಷ್ಟು ಹಿಂದೆ ಟೈರು ನೆಲ ಮುಟ್ಟಿದೆ ಅನ್ನೋದೇ ಟ್ರೇಲ್. ಬರೀ ಬೈಕಿಗೆ ಅದು ಬೇಕು, ನೆಟ್ಟಗೆ ಓಡೋಕೆ. ಸೈಡ್‌ಕಾರಿಗೆ ಅಷ್ಟು ಬೇಡ, ಜಾಸ್ತಿ ಇದ್ರೆ ಹ್ಯಾಂಡಲ್ ಕಲ್ಲಿನ ಥರ ಭಾರ. ಅದಕ್ಕೇ ರಷ್ಯಾದ ಇರ್ಬಿಟ್‌ನಲ್ಲಿ ತಯಾರಾಗ್ತಿದ್ದ ಉರಲ್ ಗಾಡಿಗಳಿಗೆ ಮಾಮೂಲಿ ಫೋರ್ಕ್ ಬದಲು ಲೀಡಿಂಗ್ ಲಿಂಕ್ ಫೋರ್ಕ್. ಗೋಲ್ಡ್‌ವಿಂಗ್‌ಗೆ ಸೈಡ್‌ಕಾರ್ ಹಾಕಿಸೋ ಅಮೆರಿಕದವರೂ ಮುಂದಿನ ಫೋರ್ಕ್ ಕಡೆಯೇ ಕೈ ಹಾಕಿ ಟ್ರೇಲ್ ಇಳಿಸ್ತಾರೆ.

ಗಮನಿಸಿ, ಮುಂದಿನ ಕಡೆ. ಟ್ರೇಲ್ ಇಳಿಸೋಕೆ ಹಿಂಭಾಗ ಎತ್ತಿಸೋದು ಅಂದ್ರೆ ಸೋರೋ ನಲ್ಲಿಗೆ ವಾಷರ್ ಹಾಕೋ ಬದಲು ಇಡೀ ಟ್ಯಾಂಕನ್ನೇ ಬಗ್ಗಿಸಿದ ಹಾಗೆ. ಒಂದು ಇಂಚಿಗೆ ಟ್ರೇಲ್ ಇಳಿಯೋದು ಲೆಕ್ಕದ ಪ್ರಕಾರ ಆರೇಳು ಮಿ.ಮೀ. ಅಷ್ಟು ಚಿಕ್ಕ ಲಾಭಕ್ಕೆ ಪೂರ್ತಿ ಲೀನ್-ಔಟ್ ಕೊಡ್ಬೇಕಾ? ಎಡಕ್ಕೆ ಎಳೆಯೋ ಗಾಡಿಯನ್ನ ಹಿಡಿದು ಹಿಡಿದು ಮಾವನ ತೋಳು ಇನ್ನೂ ಜಾಸ್ತಿ ನೋಯುತ್ತೆ.

ಇನ್ನೊಂದು ವಿಷಯ. ಟ್ರೇಲ್ ಇಳಿಸಿದ ಸೈಡ್‌ಕಾರ್ ಗಾಡಿ ನಿಧಾನ ಸ್ಪೀಡಲ್ಲಿ ಹ್ಯಾಂಡಲ್ ತಲೆ ಅಲ್ಲಾಡಿಸೋಕೆ ಶುರು ಮಾಡ್ಬಹುದು. ಅದಕ್ಕೇ ಅಂಥ ಗಾಡಿಗಳಿಗೆ ಸ್ಟಿಯರಿಂಗ್ ಡ್ಯಾಂಪರ್ ಹಾಕ್ತಾರೆ. ರೀಲ್ಸ್‌ನಲ್ಲಿ ಎಕ್ಸ್‌ಟೆಂಡರ್ ಮಾರೋರು ಡ್ಯಾಂಪರ್ ಬಗ್ಗೆ ಒಂದು ಮಾತು ಆಡಿದ್ದು ನಾನು ನೋಡಿಲ್ಲ.

(6/8)

ಎರಡನೇ ಪಾಯಿಂಟು: "ನಮ್ಮೂರ ಹಂಪ್‌ಗಳಿಗೆ ಗ್ರೌಂಡ್ ಕ್ಲಿಯರೆನ್ಸ್ ಬೇಕು."

ಇದಕ್ಕೆ ನಾನೂ ಸೈ. ಕೆಲವು ಹಂಪ್ ನೋಡಿದ್ರೆ ಹಾಕಿದವರು ಸಮಾಧಿ ಕಟ್ಟೋಕೆ ಹೋಗಿ ಮಧ್ಯ ಬಿಟ್ಟ ಹಾಗಿರುತ್ತೆ. ಆದ್ರೆ ಸೈಡ್‌ಕಾರ್ ಗಾಡೀಲಿ ಹಂಪ್‌ಗೆ ತಾಗೋದು ಎಲ್ಲಿ? ಮುಕ್ಕಾಲು ಪಾಲು ಸೈಡ್‌ಕಾರಿನ ಚೌಕಟ್ಟಿಗೆ, ಅದೂ ಮುಂದಿನ ಅಡ್ಡಪಟ್ಟಿಗೆ. ಹಿಂದೆ ಎತ್ತಿಸಿದ್ರೆ ಮುಂದಿನ ಮೂತಿ ಬಗ್ಗುತ್ತೆ ಅಂತ ಆಗಲೇ ನೋಡಿದೆವು. ಕ್ಲಿಯರೆನ್ಸ್ ಬೇಕಾದ ಜಾಗದಲ್ಲೇ ಏನೂ ಸಿಗಲ್ಲ. ಬೇಕಿದ್ರೆ ಸೈಡ್‌ಕಾರನ್ನ ಹಿಡಿದಿರೋ ಕ್ಲಾಂಪುಗಳ ಎತ್ತರ ಬದಲಿಸಿ, ಸೈಡ್‌ಕಾರಿನದೇ ಸಸ್ಪೆನ್ಷನ್ ನೋಡಿಸಿ. ಖಾಯಿಲೆ ಇರೋ ಕಡೆ ಮದ್ದು.

ಮೂರನೇದು ದುಡ್ಡು: "ಎಕ್ಸ್‌ಟೆಂಡರ್ ಕೆಲವು ನೂರು ರೂಪಾಯಿ, ಗಟ್ಟಿ ಸ್ಪ್ರಿಂಗ್ ಶಾಕಪ್ ಸಾವಿರಗಟ್ಟಲೆ."

ಬಿಕಾಂ ಓದೋ ನಾವು ಇದಕ್ಕೆ ಮೋಸ ಹೋಗ್ಬಾರದು. ಕೊಳ್ಳೋ ಬೆಲೆ ಒಂದೇ ಖರ್ಚಲ್ಲ. ಎಕ್ಸ್‌ಟೆಂಡರ್ ಹಾಕಿದ್ರೆ ಸ್ವಿಂಗ್ ಆರ್ಮ್ ಕೋನ ಬದಲಾಗುತ್ತೆ, ಚೈನ್ ಸಡಿಲ ಮತ್ತೆ ಹೊಂದಿಸ್ಬೇಕು, ಇಲ್ಲಾಂದ್ರೆ ಚೈನ್ ಸ್ವಿಂಗ್ ಆರ್ಮಿಗೆ ಉಜ್ಜುತ್ತೆ. ಹಿಂದಿನ ಬ್ರೇಕ್ ಹೋಸ್ ಬಿಗಿಯಾಗಿದೆಯಾ ನೋಡ್ಬೇಕು. ಹೆಡ್‌ಲೈಟ್ ನೆಲ ನೋಡುತ್ತೆ, ಅದನ್ನೂ ಏರಿಸ್ಬೇಕು. ಸೈಡ್‌ಕಾರ್ ಅಲೈನ್‌ಮೆಂಟ್ ಮೊದಲಿಂದ. ಈ ಲೇಬರ್ ಎಲ್ಲ ಯಾರ ಖಾತೆಗೆ?

ಇಷ್ಟಾದ್ರೂ ಮೂಲ ಸಮಸ್ಯೆ ಹಾಗೇ ಇರುತ್ತೆ. ಸೈಡ್‌ಕಾರಿನ ತೂಕದಲ್ಲಿ ಒಂದು ಪಾಲು ಬೈಕಿನ ಹಿಂದಿನ ಸ್ಪ್ರಿಂಗ್ ಮೇಲೆ ಬೀಳುತ್ತೆ. ಸ್ಪ್ರಿಂಗ್ ಆ ತೂಕಕ್ಕೆ ಮಾಡಿದ್ದಲ್ಲ. ಎಕ್ಸ್‌ಟೆಂಡರ್ ಹಾಕಿದ್ರೆ ಅದೇ ಮೆತ್ತನೆ ಸ್ಪ್ರಿಂಗ್, ಎತ್ತರದಲ್ಲಿ ಕೂತ್ಕೊಂಡು, ಅಷ್ಟೇ ಕುಸಿಯುತ್ತೆ. ಗುಂಡಿಗೆ ಬಿದ್ರೆ ಅದೇ ಧಡ್ ಅನ್ನೋ ಸದ್ದು. ಜೊತೆಗೆ ಸೈಡ್‌ಕಾರ್ ಗಾಡಿ ವಾಲದೇ ತಿರುಗೋದ್ರಿಂದ ಹಿಂಚಕ್ರಕ್ಕೆ, ಸ್ವಿಂಗ್ ಆರ್ಮಿಗೆ ಪಕ್ಕದಿಂದ ಬಲ ಬೀಳ್ತಾ ಇರುತ್ತೆ. ಅಂಥ ಕಡೆ ಎರಡು ಬೋಲ್ಟಿನ ಮೇಲೆ ನಿಂತಿರೋ ಲೋಕಲ್ ಕಬ್ಬಿಣದ ತುಂಡನ್ನ ನಂಬೋದಾ? ನಾನಂತೂ ಇಲ್ಲ.

(7/8)

ಹಾಗಾದ್ರೆ ಏನು ಮಾಡ್ಬೇಕು? ಬರೀ ಬೇಡ ಬೇಡ ಅಂದ್ರೆ ಆಯ್ತಾ? ಮಾವನ ಗಾಡಿಗೆ ಮಾಡಿದ್ದನ್ನ ಕ್ರಮವಾಗಿ ಹೇಳ್ತೀನಿ. ಸೇವ್ ಮಾಡ್ಕೊಳ್ಳಿ.

ಮೊದಲು ಅಳತೆ. ಹಿಂಚಕ್ರ ಗಾಳೀಲಿ ತೂಗೋ ಹಾಗೆ ಜಾಕ್ ಕೊಟ್ಟು, ಆಕ್ಸಲ್‌ನಿಂದ ನೇರ ಮೇಲೆ ಫ್ರೇಮಲ್ಲಿ ಒಂದು ಗುರುತಿಗೆ ಎಷ್ಟು ಅಂತ ಬರ್ಕೊಳ್ಳಿ. ಆಮೇಲೆ ಓಡಿಸೋರು, ಸೈಡ್‌ಕಾರಲ್ಲಿ ಕೂರೋರು, ಮಾಮೂಲಿ ಲಗೇಜು ಎಲ್ಲ ಇಟ್ಟು ಮತ್ತೆ ಅಳೀರಿ. ವ್ಯತ್ಯಾಸ ಎಷ್ಟೋ ಅಷ್ಟು ಕುಸಿತ. ಹಿಂಚಕ್ರ ಒಟ್ಟು ಎಷ್ಟು ಮೇಲೆ ಕೆಳಗೆ ಆಡುತ್ತೋ ಅದರ ಸುಮಾರು ಮೂರನೇ ಒಂದು ಭಾಗ ಕುಸಿದ್ರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಇದ್ರೆ ಮಾತ್ರ ಮುಂದಿನ ಕೆಲಸ.

ಎರಡು, ಪ್ರೀಲೋಡ್. ಕ್ಲಾಸಿಕ್ 350ರ ಹಿಂದಿನ ಶಾಕಪ್‌ಗೆ ಆರು ಮೆಟ್ಟಿಲು ಇದೆ. ಸಿ ಸ್ಪ್ಯಾನರ್ ಹಾಕಿ ತಿರುಗಿಸಿ, ಎರಡೂ ಕಡೆ ಒಂದೇ ಮೆಟ್ಟಿಲು. ಖರ್ಚು ಸೊನ್ನೆ. ನೆನಪಿಡಿ, ಪ್ರೀಲೋಡ್ ಏರಿಸಿದ್ರೆ ಸ್ಪ್ರಿಂಗ್ ಗಟ್ಟಿ ಆಗಲ್ಲ, ಗಾಡಿ ನಿಲ್ಲೋ ಎತ್ತರ ಮಾತ್ರ ಏರುತ್ತೆ.

ಮೂರು, ಕೊನೇ ಮೆಟ್ಟಿಲಿಗೂ ಸಾಲದೇ ಹೋದ್ರೆ ಗಟ್ಟಿ ಸ್ಪ್ರಿಂಗ್. ಶಾಕಪ್ಪಿನ ಎರಡು ಕಣ್ಣಿನ ನಡುವಿನ ಉದ್ದ ಮೊದಲಿನಷ್ಟೇ ಇರ್ಲಿ. ಮಾವನ ಗಾಡಿಗೆ ಇದೇ ಬೇಕಾಯ್ತು.

ನಾಲ್ಕು, ಲೀನ್-ಔಟ್ ಮತ್ತೆ ಹೊಂದಿಸೋದು. ಅಜ್ಜಿ ಕೂತಷ್ಟೇ ತೂಕದ ಮರಳು ಚೀಲ ಸೈಡ್‌ಕಾರಲ್ಲಿ ಇಟ್ಟು, ಮಾವ ಸೀಟಲ್ಲಿ ಕೂತು, ಸಮತಟ್ಟು ಸಿಮೆಂಟ್ ನೆಲದ ಮೇಲೆ. ಗಾರೆ ಕೆಲಸದವರ ರಸಮಟ್ಟವೇ ಸಾಕು. ಮೇಲಿನ ಎರಡು ಸ್ಟ್ರಟ್ ಉದ್ದ ಗಿಡ್ಡ ಮಾಡಿ ಸರಿ ಮಾಡಿದೆವು. ಟೋ-ಇನ್ ನೋಡೋಕೆ ಎರಡು ಅಲ್ಯೂಮಿನಿಯಂ ಪಟ್ಟಿ.

ಐದು, ಚೈನ್, ಬ್ರೇಕ್ ಹೋಸ್, ಹೆಡ್‌ಲೈಟ್, ಎಲ್ಲ ಬೋಲ್ಟ್. ಆರು, ಖಾಲಿ ಮೈದಾನದಲ್ಲಿ ಮರಳು ಚೀಲದ ಜೊತೆ ಎಡಕ್ಕೆ ಬಲಕ್ಕೆ ನಿಧಾನಕ್ಕೆ ಓಡಿಸಿ ನೋಡೋದು. ಅಜ್ಜಿ ಹತ್ತೋದು ಇದೆಲ್ಲ ಆದ್ಮೇಲೆ.

ಖಾಲಿ ಸೈಡ್‌ಕಾರ್ ಓಡಿಸ್ಬೇಕಾದ್ರೂ ಆ ಚೀಲ ಒಳಗಿರ್ಲಿ. ಎಡ ತಿರುವಲ್ಲಿ ಅದು ನಿಮ್ಮನ್ನ ಕಾಯುತ್ತೆ.

(8/8)

ಕೊನೇದಾಗಿ ಕಾನೂನು. ಬೋರ್ ಅನ್ಬೇಡಿ, ಬಿಸಿನೆಸ್ ಲಾ ಪೇಪರ್‌ಗಿಂತ ಸುಲಭ.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(27)ರಲ್ಲಿ ಮೋಟಾರ್ ಸೈಕಲ್ ಅಂದ್ರೆ ಏನು ಅಂತ ಹೇಳೋ ಕಡೆಯೇ, ಬಿಚ್ಚಬಹುದಾದ ಸೈಡ್‌ಕಾರ್ ಕೂಡ ಅದರಲ್ಲಿ ಸೇರಿದೆ. ಅಂದ್ರೆ ಸೈಡ್‌ಕಾರ್ ಅನ್ನೋದು ಕಾನೂನಿಗೆ ಹೊಸದಲ್ಲ. ಇದರಿಂದ ಇನ್ನೊಂದು ವಿಷಯ ಹೊರಡುತ್ತೆ. ಸೆಕ್ಷನ್ 129ರ ಹೆಲ್ಮೆಟ್ ನಿಯಮ ಮೋಟಾರ್ ಸೈಕಲ್‌ನಲ್ಲಿ ಕರ್ಕೊಂಡು ಹೋಗೋರಿಗೂ ಅನ್ವಯ. ಸೈಡ್‌ಕಾರಲ್ಲಿ ಕೂತವರಿಗೂ ಹೆಲ್ಮೆಟ್ ಬೇಕು. ಅಜ್ಜಿ ಮೊದಲು "ಈ ಕೊಡಪಾನ ಯಾರು ಹೊತ್ಕೊಳ್ತಾರೆ" ಅಂತ ಬೈದ್ರು, ಈಗ ತಾವೇ ಬಕಲ್ ಹಾಕ್ಕೊಳ್ತಾರೆ.

ಸೆಕ್ಷನ್ 52 ಹೇಳೋದು ಗಾಡಿಯನ್ನ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸ್ಬಾರದು ಅಂತ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಕೇಸಲ್ಲಿ ಇದನ್ನೇ ಎತ್ತಿ ಹಿಡೀತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5000 ರೂ. ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಹಾಗಾಗಿ ಏನೇ ಮಾಡಿಸೋ ಮೊದಲು ಆರ್‌ಟಿಒ ಮತ್ತು ಇನ್ಶೂರೆನ್ಸ್‌ನವರನ್ನ ಕೇಳಿ, ಉತ್ತರ ಬರಹದಲ್ಲಿ ಇಟ್ಕೊಳ್ಳಿ. ಬಾಯಿ ಮಾತು ಕ್ಲೈಮ್ ಹೊತ್ತಿಗೆ ಸಿಗಲ್ಲ.

ಶೋಲೆ ಸಿನಿಮಾದ ಹಾಡಲ್ಲಿ ಸೈಡ್‌ಕಾರ್ ಬೈಕಿಂದ ಕಳಚಿಕೊಂಡು ತನ್ನ ಪಾಡಿಗೆ ತಾನು ಹೋಗುತ್ತೆ, ನೋಡಿ ನಗ್ತೀವಿ. 1975ರ ಆ ಸಿನಿಮಾ ಶೂಟಿಂಗ್ ಆಗಿದ್ದು ನಮ್ಮ ರಾಮನಗರದಲ್ಲಿ. ಸಿನಿಮಾದಲ್ಲಿ ಅದು ತಮಾಷೆ, ಘಾಟೀಲಿ ಅಲ್ಲ.

ಫೋಟೋಗೆ ಬೇಕಿದ್ರೆ ಕ್ಯಾಮೆರಾ ಕೆಳಗಿಟ್ಟು ತೆಗೀರಿ, ಯಾವ ಗಾಡಿಯೂ ಎತ್ತರವಾಗೇ ಕಾಣುತ್ತೆ. ಗಾಡಿ ಎತ್ತಿಸೋ ಆಸೆ ಇನ್ನೂ ಇದ್ರೆ ಒಂದು ಕೆಲಸ ಮಾಡಿ. ಸೈಡ್‌ಕಾರಲ್ಲಿ ಕೂರೋರ ಮುಂದೆ ನಿಂತು, "ಇದನ್ನ ಬದಲಿಸ್ತಿದ್ದೀನಿ, ಬಲ ತಿರುವಲ್ಲಿ ಹೀಗಾಗ್ಬಹುದು, ಪರವಾಗಿಲ್ವಾ?" ಅಂತ ಕೇಳಿ. ಅವರು ಹೂಂ ಅಂದ್ರೆ ಆಮೇಲೆ ಗ್ಯಾರೇಜಿಗೆ ಹೋಗಿ.

ಮಾವನ ಮಗ ಒಪ್ಪಿಲ್ಲ. ನನ್ನ ಪೋಸ್ಟ್‌ಗೆ ಲೈಕ್ ಹಾಕೋದನ್ನೂ ನಿಲ್ಲಿಸಿದ್ದಾನೆ. ಒಪ್ಪದವರು ಇಲ್ಲೂ ಇರ್ತೀರ. ಲೆಕ್ಕ ತಪ್ಪಿದ್ರೆ ಲೆಕ್ಕದ ಜೊತೆಗೇ ಬನ್ನಿ, ಮಾತಾಡೋಣ.

#ಸೈಡ್‌ಕಾರ್ #ಕ್ಲಾಸಿಕ್350 #ಆಗುಂಬೆಘಾಟಿ #ತೀರ್ಥಹಳ್ಳಿ #ಕನ್ನಡರೈಡರ್ಸ್ #ಬಿಕಾಂಹುಡುಗನಲೆಕ್ಕ